ಬದುವಿನಲ್ಲಿ ಬಿಟ್ಟ ಗಂಡಿ

ಇಂದುಮತಿ ಹೊಲಿದದ್ದು ಬಿಚ್ಚಿಕೊಳ್ಳುವುದಿಲ್ಲ ಎಂದು ಅಮೆರಿಕದ ಮಿಷಿಗನ್ನಿನಲ್ಲಿ ನೋವೈಯಿಂದ ಟ್ರಾಯ್‌ವರೆಗಿನ ಕನ್ನಡದವರ ಮನೆಗಳಲ್ಲಿ ಹೆಸರಾಗಿತ್ತು. ಮಗಳ ಅರಂಗೇಟ್ರಕ್ಕೆ ಹೊಲಿಸಿದ ರವಿಕೆ ಬಿಗಿಯಾದರೂ, ಮದುವೆಗೆ ಹೊರಟ ದಿನವೇ ಲಂಗದ ಅಂಚು ಬಿಟ್ಟುಕೊಂಡರೂ, ಇಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ವಿಕ್ಸಮ್‌ನ ಅವಳ ಅಂಗಡಿಗೇ ಬರುತ್ತಿದ್ದರು. ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಒಂದು ನಿಲುವುಗನ್ನಡಿ, ಇಷ್ಟೇ ಅಂಗಡಿ. ಗಂಡ ಜಯಸಿಂಹ ಡಿಯರ್‌ಬಾರ್ನಿನಲ್ಲಿ ಎಂಜಿನಿಯರು. ಅವನು ಹೇಳುವುದು ಬೇರೆ: “ನೀನು ಹೊಲಿದ ಬಟ್ಟೆ ಹರಿದು ಚಿಂದಿಯಾಗಬಹುದು ಕಣೆ, ಹೊಲಿಗೆ ಮಾತ್ರ ಹಾಗೇ ನಿಂತಿರುತ್ತೆ.”

ಅಕ್ಟೋಬರಿನ ಒಂದು ಸೋಮವಾರ, ಅಂಗಡಿ ತೆಗೆದ ಸ್ವಲ್ಪ ಹೊತ್ತಿಗೆ ಸಾಯೋರಿ ಬಂದಳು. ನಲವತ್ತರ ಆಸುಪಾಸಿನ ಜಪಾನಿ ಹೆಂಗಸು. ಹುಟ್ಟಿ ಬೆಳೆದದ್ದೆಲ್ಲ ಮಿಷಿಗನ್ನಿನಲ್ಲೇ. ಬ್ರೇಕಿನ ಬಿಡಿಭಾಗ ಮಾಡುವ ಕಡೆ ತಪಾಸಣೆಯ ಕೆಲಸ. ಅವಳ ತಂದೆ ರ್ಯೂಗೆನ್ ಅಲ್ಲೇ ಅರ್ಧ ಮೈಲಿ ಹಿಂದಿನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಒಂದು ಶೆಡ್ಡು ಹಿಡಿದು ಶಿಂಗೋನ್ ಪಂಥದ ಪುಟ್ಟ ಬೌದ್ಧ ಗುಡಿ ನಡೆಸುತ್ತಿದ್ದರು. ಎರಡು ವರ್ಷದ ಹಿಂದೆ ಆ ಗುಡಿಗೆ ಐದು ಬಣ್ಣದ ಪರದೆ ಹೊಲಿದುಕೊಟ್ಟಾಗಿನಿಂದ ಇಂದುಮತಿಗೆ ತಂದೆ ಮಗಳು ಇಬ್ಬರೂ ಪರಿಚಯ. ಅವರೊಂದಿಗೆ ಮಾತೆಲ್ಲ ಇಂಗ್ಲಿಷಿನಲ್ಲೇ. ಮುದುಕರದು ಅರೆಬರೆ ಇಂಗ್ಲಿಷು, ಇಂದುಮತಿಯದು ಅದಕ್ಕಿಂತ ಒಂದು ಬೊಗಸೆ ಹೆಚ್ಚು.

ಸಾಯೋರಿ ತಾನು ತಂದ ಚೌಕವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಮಡಿಸಿದ ಮಣ್ಣುಬಣ್ಣದ ಹಳೆಯ ಬಟ್ಟೆ.

“ಅಪ್ಪನ ಕೇಸಾ,” ಎಂದಳು. ಪೂಜೆಗೆ ಕೂರುವಾಗ ಎಡಹೆಗಲ ಮೇಲಿಂದ ಹೊದೆಯುವ ವಸ್ತ್ರ. ನಮ್ಮ ಕಾಷಾಯವೆಂಬ ಮಾತೇ ಕಡಲು ದಾಟುತ್ತ ದಾಟುತ್ತ ಸವೆದು ಕೇಸಾ ಆದದ್ದಂತೆ. “ಇದನ್ನ ಅಮ್ಮ ಹೊಲಿದದ್ದು. ಅಪ್ಪನಿಗೆ ಈಗ ಎಂಬತ್ತಾರು. ಬೆಂಕಿ ಮುಂದೆ ಅಷ್ಟು ಹೊತ್ತು ಕೂರೋಕೆ ಎದೆ ತಡೆಯಲ್ಲ ಅಂತಾರೆ ಡಾಕ್ಟ್ರು. ಈ ಭಾನುವಾರ ಗುಡಿಯನ್ನ ನನಗೆ ಒಪ್ಪಿಸ್ತಾರೆ. ಇದನ್ನ ಹೊದಿಸಿಯೇ ಒಪ್ಪಿಸಬೇಕು. ಮೂಲೆ ಒಂದು ಹರಿದಿದೆ ನೋಡಿ. ಅಷ್ಟು ಸರಿಮಾಡಿ ಸಾಕು.”

“ಬಟ್ಟೆ ಯಾವುದು ಇದು? ಒಳ್ಳೇ ಗಟ್ಟಿ ಇದೆ.”

“ಅಪ್ಪ ಈ ದೇಶಕ್ಕೆ ಬಂದಾಗ ಗುಡಿ ಎಲ್ಲಿತ್ತು? ಹನ್ನೊಂದು ವರ್ಷ ಬಂಪರ್ ಮಾಡೋ ಪ್ಲಾಂಟಲ್ಲಿ ಲೈನ್ ಮೇಲೆ ನಿಂತ್ರು. ಆಗಿನ ಯೂನಿಫಾರಮ್ಮು. ಅಮ್ಮ ಬಿಚ್ಚಿ, ನಮ್ಮ ಹಿತ್ತಲ ವಾಲ್‌ನಟ್ ಮರದ ಕಾಯಿ ಸಿಪ್ಪೆ ಕುದಿಸಿ ಬಣ್ಣ ಹಾಕಿದ್ದು. ಬೇರೆಯವರು ಬೇಡ ಅಂತ ಬಿಟ್ಟ ಬಟ್ಟೆಯಿಂದ ಮಾಡಿದ್ರೇ ಶ್ರೇಷ್ಠ.”

ಇಂದುಮತಿ ಬಟ್ಟೆಯ ಮೇಲೆ ಕೈಯಾಡಿಸಿದಳು. ಎಷ್ಟೋ ಸಲ ಒಗೆದು ಮೆತ್ತಗಾದದ್ದು. “ಗುರುವಾರ ಸಂಜೆ ನಾನೇ ತಂದುಕೊಡ್ತೀನಿ,” ಎಂದಳು.

ಮಂಗಳವಾರ ಮೂಲೆ ಸರಿಮಾಡಲು ಒಂದು ಗಂಟೆಯೂ ಹಿಡಿಯಲಿಲ್ಲ. ಮಡಿಸಿಡುವಾಗ ಕಣ್ಣು ಇನ್ನೊಂದು ಕಡೆ ಹೋಯಿತು. ಬಟ್ಟೆಯನ್ನು ಏಳು ಸಾಲಾಗಿ ಜೋಡಿಸಿದ್ದರು. ಒಂದೊಂದು ಸಾಲಿನಲ್ಲೂ ಎರಡು ಉದ್ದ ತುಂಡು, ಒಂದು ಗಿಡ್ಡ ತುಂಡು. ತುಂಡು ತುಂಡಿನ ನಡುವೆ ಎರಡು ಬೆರಳಗಲದ ಪಟ್ಟೆ. ಆ ಪಟ್ಟೆಯ ಒಂದು ಅಂಚನ್ನು ಸಾಸಿವೆಯಷ್ಟು ಸಣ್ಣ ಕೈಹೊಲಿಗೆಯಲ್ಲಿ ಗಟ್ಟಿಯಾಗಿ ಕೂರಿಸಿದ್ದರು. ಇನ್ನೊಂದು ಅಂಚು ಸಡಿಲ. ಬೆರಳು ತೂರಿಸಿದರೆ ಒಳಗೆ ಹೋಗುತ್ತಿತ್ತು. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ, ಗುಬ್ಬಿ ಹೆಜ್ಜೆಯಿಟ್ಟ ಹಾಗೆ, ಮೂರು ಮೂರು ಚುಕ್ಕೆ ಹೊಲಿಗೆ.

‘ಇವಳಮ್ಮ ಕಚ್ಚಾ ಹೊಲಿಗೆ ಹಾಕಿಟ್ಟಿದ್ದಾಳೆ,’ ಎಂದುಕೊಂಡಳು ಇಂದುಮತಿ. ‘ಆಮೇಲೆ ಮುಗಿಸೋಣ ಅಂತ ಇಟ್ಟಿರಬೇಕು. ಕೈಲಾಗಲಿಲ್ಲವೋ ಕಣ್ಣು ಸಾಲಲಿಲ್ಲವೋ.’ ಒಬ್ಬ ಹೆಂಗಸು ಅರ್ಧಕ್ಕೆ ಬಿಟ್ಟುಹೋದ ಕೆಲಸ. ಭಾನುವಾರ ಮಗಳ ಹೆಗಲೇರುವ ಬಟ್ಟೆ ಹೀಗೆ ಬಾಯಿ ಬಿಟ್ಟುಕೊಂಡಿರಬಾರದು. ಅವಳು ಚಿಕ್ಕ ಕತ್ತರಿ ತೆಗೆದುಕೊಂಡು ಗುಬ್ಬಿ ಹೆಜ್ಜೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದಳು. ಅದೇ ಬಣ್ಣದ ದಾರ ಹುಡುಕಿ, ಯಂತ್ರಕ್ಕೆ ಸಣ್ಣ ಸೂಜಿ ಹಾಕಿ, ಬುಧವಾರ ಸಂಜೆಯವರೆಗೂ ಕೂತು ಎಲ್ಲ ಅಂಚನ್ನೂ ನೇರವಾಗಿ ಹೊಡೆದಳು. ಇಸ್ತ್ರಿ ಎಳೆದು ನೋಡಿದರೆ ಬಟ್ಟೆ ಹಲಗೆಯ ಹಾಗೆ ಕೂತಿತ್ತು. ಹೇಳದ ಕೆಲಸವನ್ನೂ ಮಾಡಿದ ಸಮಾಧಾನದಲ್ಲಿ ಅವಳು ಆ ದಿನ ಚಪಾತಿಯ ಜೊತೆ ಸಿಹಿಯನ್ನೂ ಮಾಡಿದಳು.

ಗುರುವಾರ ನಾಲ್ಕು ಗಂಟೆಗೆ ಗುಡಿಗೆ ಹೋದಳು. ಹೊರಗೆ ಚಳಿ, ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಗಾಳಿ ಬೇರೆ. ಶೆಡ್ಡಿನ ಪಕ್ಕದಲ್ಲಿ ಲೋಹ ಸಾಣೆಹಿಡಿಯುವ ಅಂಗಡಿ. ಆ ಕಡೆಯಿಂದ ಮೆಷಿನ್ ಎಣ್ಣೆಯ ವಾಸನೆ, ಈ ಕಡೆಯಿಂದ ಧೂಪದ ವಾಸನೆ, ಎರಡೂ ಬಾಗಿಲಲ್ಲಿ ಕೂಡುತ್ತಿದ್ದವು. ಒಳಗೆ ನೆಲಕ್ಕೆ ಚಾಪೆ, ನಡುವೆ ಹೋಮದ ಒಲೆ, ಅದರ ಮೇಲೆ ಪಕ್ಕದಂಗಡಿಯವನೇ ಮಾಡಿಕೊಟ್ಟ ತಗಡಿನ ಹೊಗೆಗೂಡು. ಅದನ್ನು ಮೊದಲ ಸಲ ಕಂಡಾಗ ಜಯಸಿಂಹ, “ನಮ್ಮ ಹೋಮಕ್ಕೆ ಮುಹೂರ್ತ ಬೇಕು, ಇವರ ಹೋಮಕ್ಕೆ ಫೈರ್ ಮಾರ್ಷಲ್ ಅಪ್ಪಣೆ ಬೇಕು,” ಎಂದು ನಕ್ಕಿದ್ದ. ಒಲೆಯ ಹಿಂದೆ ಅಚಲನಾಥನ ಮರದ ಮೂರ್ತಿ. ಕೈಯಲ್ಲಿ ಕತ್ತಿ, ಹಗ್ಗ, ಬೆನ್ನಿಗೆ ಜ್ವಾಲೆ, ಕೆಕ್ಕರಿಸಿದ ಕಣ್ಣು. ಊರಿನ ವೀರಭದ್ರನ ಸೋದರನ ಹಾಗಿದ್ದ. ಪರದೆ ಕೊಡಲು ಬಂದಾಗ ಇಂದುಮತಿ, “ಬುದ್ಧನ ಗುಡೀಲಿ ಇಷ್ಟೊಂದು ಕೋಪ ಯಾಕೆ ಸೆನ್ಸೇಯಿ?” ಎಂದು ಕೇಳಿದ್ದಳು. ಗುರುಗಳನ್ನು ಅವರು ಕರೆಯುವುದು ಹಾಗೆ. ಮುದುಕರು, “ಮಗು ರಸ್ತೆಗೆ ಓಡಿದಾಗ ತಾಯಿ ಮುಖ ಹೇಗಿರುತ್ತೆ?” ಎಂದಿದ್ದರು.

ಈಗ ಅವರು ಚಹಾ ಬಸಿದುಕೊಟ್ಟು, ಷಿಕಾಗೋ ಹತ್ತಿರ ಇರುವ ಅವಳ ಮಗಳನ್ನು ವಿಚಾರಿಸಿದರು. “ಮೈತ್ರೇಯಿ ಹೇಗಿದ್ದಾಳೆ?” ಆ ಹೆಸರು ಅವರಿಗೆ ಬಲು ಇಷ್ಟ. ಅವರ ಪಂಥವನ್ನು ಚೀನಾದಿಂದ ಜಪಾನಿಗೆ ತಂದ ಕೂಕಾಯಿ ಎಂಬ ಗುರು ಸಾವಿರದ ಇನ್ನೂರು ವರ್ಷದ ಹತ್ತಿರದಿಂದ ಕೋಯಾ ಬೆಟ್ಟದ ಗವಿಯಲ್ಲಿ ಧ್ಯಾನಕ್ಕೆ ಕೂತಿದ್ದಾರೆಂದೂ, ಮುಂದೆ ಬರಲಿರುವ ಬುದ್ಧ ಮೈತ್ರೇಯನಿಗಾಗಿ ಕಾಯುತ್ತಿದ್ದಾರೆಂದೂ ಅವರ ನಂಬಿಕೆ.

“ಚೆನ್ನಾಗಿದ್ದಾಳೆ. ಫೋನ್ ಮಾಡೋಕೆ ಪುರುಸೊತ್ತಿಲ್ಲ.”

“ನಮ್ಮ ಗುರುಗಳೂ ಕಾಯ್ತಾನೇ ಇದಾರೆ. ನೀವೂ ಕಾಯಿರಿ,” ಎಂದು ಮುದುಕರು ನಕ್ಕರು. “ಈಗಲೂ ದಿನಕ್ಕೆ ಎರಡು ಸಲ ಅವರಿಗೆ ಊಟ ಒಯ್ತಾರೆ. ವರ್ಷಕ್ಕೊಂದು ಸಲ ಹೊಸ ಬಟ್ಟೆ.”

“ಕೂತೇ ಇರೋರಿಗೆ ಬಟ್ಟೆ ಯಾಕೆ ಸವೆಯುತ್ತೆ?” ಬಟ್ಟೆಯ ಮಾತು ಬಂದರೆ ಇಂದುಮತಿ ಬಿಡುವವಳಲ್ಲ.

“ಕೂತಿದಾರೆ ಅಂತ ನಾವು ಅಂದ್ಕೊಂಡಿದೀವಿ. ಯಾರು ಒಂಟಿಯಾಗಿ ದಾರಿ ನಡೆದರೂ ಪಕ್ಕದಲ್ಲಿ ಅವರೂ ನಡೀತಾರಂತೆ. ಅಂಚು ಸವೆದೇ ಸವೆಯುತ್ತೆ.”

ಅವಳು ಗಂಟು ಮುಂದಿಟ್ಟಳು. ರ್ಯೂಗೆನ್ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿ, ತೊಡೆಯ ಮೇಲೆ ಬಿಡಿಸಿದರು. ಮೂಲೆಯ ರಿಪೇರಿ ನೋಡಿ ತಲೆಯಾಡಿಸಿದರು. ಆಮೇಲೆ ಅವರ ಎಡಗೈ ಹೆಬ್ಬೆರಳು ತನ್ನಷ್ಟಕ್ಕೆ ಒಂದು ಪಟ್ಟೆಯ ಅಂಚಿಗೆ ಹೋಯಿತು. ಅಂಚಿನಗುಂಟ ಸ್ವಲ್ಪ ದೂರ ಸರಿಯಿತು, ನಿಂತಿತು. ಹಿಂದಕ್ಕೆ ಬಂತು. ಪಕ್ಕದ ಪಟ್ಟೆಗೆ ಹೋಯಿತು. ಕತ್ತಲಲ್ಲಿ ಬಾಗಿಲ ಚಿಲಕ ತಡಕುವ ಬೆರಳಿನ ಹಾಗೆ.

“ಬಹಳ ಗಟ್ಟಿ ಕೆಲಸ,” ಎಂದರು. ಮತ್ತೆ, “ಬಹಳ ಗಟ್ಟಿ,” ಎಂದು ಅವಳಿಗೆ ಬಾಗಿದರು.

ಆ ಹೊತ್ತಿಗೆ ಕೆಲಸ ಮುಗಿಸಿ ಬಂದ ಸಾಯೋರಿ ಬಟ್ಟೆ ನೋಡಿದಳು. ಅವಳ ಬಾಯಿ ತೆರೆಯಿತು. ತಂದೆ ಜಪಾನಿಯಲ್ಲಿ ಎರಡೇ ಮಾತು ಹೇಳಿದರು. ಅವಳ ಬಾಯಿ ಮುಚ್ಚಿತು.

ಇಂದುಮತಿ ಚಹಾ ಬಿಟ್ಟು ಎದ್ದಳು. ಕಾರಿನವರೆಗೆ ಬಿಡಲು ಬಂದ ಸಾಯೋರಿಯ ತೋಳು ಹಿಡಿದು ನಿಲ್ಲಿಸಿದಳು. “ಏನೋ ತಪ್ಪಾಗಿದೆ. ಹೇಳಮ್ಮ.”

“ಅಪ್ಪ ಹೇಳಬೇಡ ಅಂದ್ರು.”

“ನಾನು ಹೇಳು ಅಂತಿದೀನಿ.”

ಸಾಯೋರಿ ಗಾಳಿಗೆ ಕೂದಲು ಸರಿಮಾಡಿಕೊಂಡಳು. “ಬುದ್ಧ ಒಂದು ಸಲ ಮಗಧ ದೇಶದಲ್ಲಿ ಹೋಗ್ತಾ ಭತ್ತದ ಗದ್ದೆ ನೋಡಿದನಂತೆ. ಹೀಗೇ ಬಟ್ಟೆ ಹೊಲಿಯೋಕಾಗುತ್ತಾ ಅಂತ ಶಿಷ್ಯ ಆನಂದನ್ನ ಕೇಳಿದನಂತೆ. ಆವತ್ತಿಂದ ಕೇಸಾ ಹೀಗೆ. ತುಂಡುಗಳು ಗದ್ದೆ. ನಡುವಿನ ಪಟ್ಟೆ ಬದು. ನಮ್ಮ ಗುರುಪರಂಪರೆಯಲ್ಲಿ ಬದುವಿನ ಒಂದು ಅಂಚು ಹೊಲಿಯೋದಿಲ್ಲ. ಬಿಟ್ಟಿರ್ತಾರೆ, ಯಾಕಂದ್ರೆ...”

“ನೀರು ಹೋಗೋಕೆ,” ಎಂದಳು ಇಂದುಮತಿ. ಮಾತು ಅವಳನ್ನು ಕೇಳದೆ ಬಂದಿತ್ತು.

“ಹೌದು. ನೀರು ಹೋಗೋಕೆ.”

“ಆ ಮೂರು ಮೂರು ಹೊಲಿಗೆ? ಕಚ್ಚಾ ಅಲ್ಲವ?”

“ಅದು ಅಮ್ಮನ ಹೊಲಿಗೆ, ಆಂಟಿ. ಬದು ಹಾರಿಹೋಗದ ಹಾಗೆ ಅಲ್ಲಲ್ಲಿ ಹಿಡಿದಿಡೋದು. ಒಂದು ಸಲ ಸೂಜಿ ಚುಚ್ಚಿದರೆ ಒಂದು ಮಂತ್ರ. ನಾನು ಅಡುಗೆಮನೇಲಿ ಹೋಮ್‌ವರ್ಕ್ ಮಾಡ್ತಾ ಅದನ್ನೇ ಕೇಳಿ ಬೆಳೆದವಳು.” ಅವಳು ಒಮ್ಮೆ ಗುಡಿಯ ಬಾಗಿಲ ಕಡೆ ತಿರುಗಿ ನೋಡಿದಳು. “ಅಮ್ಮ ಹೋಗಿ ಒಂಬತ್ತು ವರ್ಷ. ನಮ್ಮಲ್ಲಿ ಪೂಜೆಯ ಕೈಮುದ್ರೆಗಳು ಗುಟ್ಟು. ಕೈ ಕೇಸಾದ ಒಳಗಿಟ್ಟುಕೊಂಡೇ ಹಿಡೀಬೇಕು, ಯಾರಿಗೂ ಕಾಣಬಾರದು. ಮುದ್ರೆಯೆಲ್ಲ ಮುಗಿದ ಮೇಲೆ ಅಪ್ಪನ ಹೆಬ್ಬೆರಳು ಪಟ್ಟೆ ಒಳಗೆ ಹೋಗಿ ಅಮ್ಮನ ಹೊಲಿಗೆ ಮೇಲೆ ಕೂರುತ್ತೆ. ಅದು ಶಾಸ್ತ್ರದಲ್ಲಿಲ್ಲ. ಅದು ಅವರದೇ ಗುಟ್ಟು. ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ.”

ಇಂದುಮತಿ ನೇರ ಅಂಗಡಿಗೆ ಹೋಗಿ ಕಸದ ಬುಟ್ಟಿ ನೋಡಿದಳು. ಖಾಲಿ. ಕತ್ತರಿಸಿದ ದಾರದ ಚೂರುಗಳನ್ನು ಬುಧವಾರವೇ ಚೀಲಕ್ಕೆ ಸುರಿದು ಹೊರಗಿಟ್ಟಿದ್ದಳು. ಗುರುವಾರ ಬೆಳಿಗ್ಗೆ ಲಾರಿ ಬಂದು ಹೋಗಿತ್ತು.

ಮನೆಯಲ್ಲಿ ಜಯಸಿಂಹ ಎಲ್ಲವನ್ನೂ ಕೇಳಿಸಿಕೊಂಡು, “ನೀರುಗಂಟಿ ಮಗಳಾಗಿ ಊರಿನ ಗಂಡಿಯನ್ನೆಲ್ಲ ಮುಚ್ಚಿಬಿಟ್ಟೆಯಲ್ಲೆ!” ಎಂದ. ಅಂದಮೇಲೆ ಹೆಂಡತಿಯ ಮುಖ ನೋಡಿದ. ನಗು ಅರ್ಧಕ್ಕೆ ನಿಂತಿತು. ಎದ್ದುಹೋಗಿ ಅವಳಿಗೊಂದು ಲೋಟ ಕಾಫಿ ಮಾಡಿ ತಂದಿಟ್ಟ. ಸಕ್ಕರೆ ಹಾಕುವುದು ಮರೆತಿದ್ದ. ಅವಳು ಹಾಗೇ ಕುಡಿದಳು.

ಇಂದುಮತಿಯ ಅಪ್ಪ ಮಂಡ್ಯದ ಕಡೆಯ ಒಂದು ಕೊಪ್ಪಲಿನ ನೀರುಗಂಟಿ. ನಾಲೆಯಿಂದ ಬಂದ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಹೆಗಲಲ್ಲಿ ಗುದ್ದಲಿ, ಮೊಣಕಾಲಿನವರೆಗೆ ಕೆಸರು. ಬದುವಿನಲ್ಲಿ ಒಂದೊಂದು ಕಡೆ ಗೇಣಗಲ ಗಂಡಿ ಬಿಟ್ಟಿರುತ್ತಿದ್ದರು, ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯಲಿ ಎಂದು. ಅಪ್ಪ ಗಂಡಿಗೆ ಅಡ್ಡವಿಟ್ಟ ಮಣ್ಣನ್ನು ಗುದ್ದಲಿಯಿಂದ ಎಳೆದು, “ನಡಿಯವ್ವ ಗಂಗಮ್ಮ,” ಎನ್ನುತ್ತಿದ್ದ. ಆಮೇಲೆ ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ನೀರು ಗದ್ದೆಯಿಂದ ಗದ್ದೆಗೆ ದಾಟಿ ಕೊನೆಗೆ ಎಲ್ಲರಿಗಿಂತ ಕೆಳಗಿನ ಕೆಂಚಮ್ಮನ ಗದ್ದೆ ಮುಟ್ಟಿದಾಗ ಆಕೆ ಅಲ್ಲಿಂದ “ಮುಟ್ತೂ...” ಎಂದು ಕೂಗುತ್ತಿದ್ದಳು. ಆ ಕೂಗು ಕಿವಿಗೆ ಬಿದ್ದ ಮೇಲೇ ಅವನು ಏಳುತ್ತಿದ್ದದ್ದು.

ಒಂಬತ್ತು ವರ್ಷದ ಇಂದುಮತಿ ಒಮ್ಮೆ, ಚಿಕ್ಕಪ್ಪನ ಗದ್ದೆಯ ಬದು ಒಡೆದಿದೆ ಎಂದುಕೊಂಡು, ಗಂಡಿಗೆ ಹುಲ್ಲು ತುರುಕಿ ಮಣ್ಣು ಬಡಿದು ಮೆತ್ತಿ ಬಂದಿದ್ದಳು. ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದು ಅಪ್ಪನಿಗೆ ಹೇಳಿಯೂ ಇದ್ದಳು. ಅಪ್ಪ ಬೈಯಲಿಲ್ಲ. ಕೈಹಿಡಿದು ಕೆಂಚಮ್ಮನ ಗದ್ದೆಯವರೆಗೆ ನಡೆಸಿಕೊಂಡು ಹೋಗಿ, ಬಿರುಕು ಬಿಡಲು ಶುರುವಾದ ಕೆಸರನ್ನು ತೋರಿಸಿದ. “ಚೆಂದಾಗಿ ಮೆತ್ತಿದ್ದೀಯ ಮಗ,” ಎಂದ, “ಆದ್ರೆ ಕೇಳಿ ಮೆತ್ತಬೇಕಿತ್ತು.”

ಶುಕ್ರವಾರ ಬೆಳಿಗ್ಗೆ ಇಂದುಮತಿ ಅಂಗಡಿಯ ಬಾಗಿಲಿಗೆ ರಜೆಯ ಚೀಟಿ ಅಂಟಿಸಿ, ಸೂಜಿಡಬ್ಬಿ ತೆಗೆದುಕೊಂಡು ಗುಡಿಗೆ ಹೋದಳು.

“ಅದನ್ನ ಕೊಡಿ ಸೆನ್ಸೇಯಿ. ಬಿಚ್ಚಿ ಮತ್ತೆ ಹೊಲೀತೀನಿ.”

“ಚೆನ್ನಾಗೇ ಇದೆ. ಮಗಳು ಹೇಳಿದಳಾ?”

“ನೀವು ಹೇಳಬೇಕಿತ್ತು. ನಾನು ಬೈಸ್ಕೊಳ್ಳಬೇಕಿತ್ತು.” ಅವಳು ಚಾಪೆಯ ಮೇಲೆ ಕೂತಳು. “ನಮ್ಮಪ್ಪ ಗದ್ದೆಗೆ ನೀರು ಬಿಡೋ ಕೆಲಸದವನು. ಬದುವಿನ ಬಾಯಿ ಮುಚ್ಚಬಾರದು ಅಂತ ನನಗೆ ಗೊತ್ತು. ಗೊತ್ತಿದ್ದೂ ಮುಚ್ಚಿದೆ.”

ಮುದುಕರ ಕಣ್ಣು ಅರಳಿತು. ಅವರಿಗೆ ಬಟ್ಟೆಯ ವಿಷಯ ಮರೆತೇ ಹೋಯಿತೋ ಏನೋ. ನೀರು ಸಾಲದ ವರ್ಷ ಹೇಗೆ ಹಂಚುತ್ತಿದ್ದರು? ಜಗಳ ಆದರೆ? ಗಂಡಿಗೆ ಎಷ್ಟು ಅಗಲ? ಅವಳು ಚಾಪೆಯ ಮೇಲೆ ಬೆರಳಿನಿಂದ ಗೀಚಿ ತೋರಿಸಿದಳು. ಅವರದೂ ಗದ್ದೆಯ ಸೀಮೆಯೇ, ಅವರ ಊರಿನಲ್ಲೂ ನೀರಿಗೆ ಸರದಿ ಇತ್ತಂತೆ. ಎಲ್ಲ ಕೇಳಿದ ಮೇಲೆ ಅವರು ಎದ್ದುಹೋಗಿ ಕೇಸಾ ತಂದು ಚಾಪೆಯ ಮೇಲೆ ಅಗಲಕ್ಕೆ ಹರಡಿದರು.

ಅಂಗಡಿಯ ಮೇಜಿನ ಮೇಲೆ ಅದನ್ನು ಮಡಿಕೆ ಮಡಿಕೆಯಾಗಿ ಮಾತ್ರ ನೋಡಿದ್ದ ಇಂದುಮತಿ ಈಗ ಎದ್ದುನಿಂತು ಪೂರ್ತಿ ನೋಡಿದಳು. ನಾಲೆಯ ಏರಿಯ ಮೇಲೆ ನಿಂತರೆ ಕೆಳಗೆ ಕಾಣುತ್ತಿದ್ದದ್ದು ಇದೇ. ಉದ್ದ ಗದ್ದೆ, ಗಿಡ್ಡ ಗದ್ದೆ, ನಡುವೆ ಬದು. ಉತ್ತು ನೀರು ಕಟ್ಟಿದ ಮಣ್ಣಿನ ಬಣ್ಣ. ಅವಳು ಸೆರಗಿಲ್ಲದ ಸ್ವೆಟರಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡು ಕೂತಳು.

ತನ್ನ ಹೊಲಿಗೆಯನ್ನು ತಾನೇ ಬಿಚ್ಚುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತು ತಿಳಿಯಿತು. ಬಿಡದ ಹೊಲಿಗೆ. ಒಂದೊಂದು ಕಣ್ಣಿಯನ್ನೂ ಸೂಜಿಯ ಮೊನೆಯಿಂದ ಎತ್ತಿ ಕತ್ತರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಎರಡು ಬದು ಬಿಚ್ಚಿದ್ದಳು. ಮೂರನೆಯದರಲ್ಲಿ ಹಳೆಯ ಬಟ್ಟೆ ತಡೆಯದೆ ಹೆಬ್ಬೆರಳುದ್ದ ಸೀಳಿತು. ಅವಳು ಸೂಜಿ ಕೆಳಗಿಟ್ಟಳು.

“ತೇಪೆ ಹಾಕಿ,” ಎಂದರು ಮುದುಕರು.

“ಇದೇ ಬಟ್ಟೆ ಉಳಿದಿದೆಯಾ?”

“ಇಲ್ಲ. ನಿಮ್ಮ ಹತ್ತಿರ ಯಾವುದಾದರೂ ಹಳೇದು?”

ಇದ್ದದ್ದು ಅವಳು ಕೆಲಸಕ್ಕೆ ಕಟ್ಟಿಕೊಂಡಿದ್ದ ನೀಲಿ ಏಪ್ರನ್, ಹದಿನಾಲ್ಕು ವರ್ಷದ್ದು. ಅವಳು ಅನುಮಾನಿಸಿದಳು. ಮುದುಕರು ಏಪ್ರನ್ನಿನ ತುದಿ ಮುಟ್ಟಿ ನೋಡಿ, “ಪ್ಲಾಂಟಿನ ಬಟ್ಟೆಗಿಂತ ಮೇಲು,” ಎಂದರು. ಅವಳು ಅದರ ಜೇಬಿನ ಒಳಗಿಂದ ಒಂದು ತುಂಡು ಕತ್ತರಿಸಿ, ಗದ್ದೆಯ ಮಣ್ಣಿನಲ್ಲಿ ಆಕಾಶ ಚೂರು ಬಿದ್ದ ಹಾಗೆ, ಅಲ್ಲಿಗೆ ತೇಪೆ ಹಾಕಿದಳು.

ಆಗಲೇ ಅವಳಿಗೆ ಕಂಡದ್ದು. ಕಿಟಕಿಯ ಬೆಳಕು ಅಡ್ಡ ಬಿದ್ದು, ಬಿಚ್ಚಿದ ಬದುವಿನ ಅಂಚಿನಲ್ಲಿ ಮೂರು ಚುಕ್ಕೆ. ಸುತ್ತಲಿನ ಬಟ್ಟೆ ಬಿಸಿಲಿಗೂ ಹೊಗೆಗೂ ಮಾಸಿತ್ತು; ದಾರ ಮುಚ್ಚಿಕೊಂಡಿದ್ದ ಆ ಸಾಸಿವೆಯಷ್ಟು ಜಾಗದಲ್ಲಿ ವಾಲ್‌ನಟ್ಟಿನ ಬಣ್ಣ ಹಾಕಿದ ದಿನದಷ್ಟೇ ಕಪ್ಪಾಗಿ ಉಳಿದಿತ್ತು. ಹತ್ತಿರ ಹಿಡಿದು ನೋಡಿದರೆ ಸೂಜಿಯ ತೂತು ಕೂಡ. ಮುಂದಿನ ಗೇಣಿಗೆ ಇನ್ನು ಮೂರು. ಅಲ್ಲಿಂದಾಚೆಗೆ ಮೂರು. ದಾರ ಹೋಗಿತ್ತು, ಆದರೆ ಆ ಹೆಂಗಸು ಎಲ್ಲಿ ಚುಚ್ಚಿದಳು, ಎಲ್ಲಿ ಎಳೆದಳು ಎಲ್ಲವೂ ಇತ್ತು.

“ಸೆನ್ಸೇಯಿ,” ಎಂದಳು. ಅವರು ಕನ್ನಡಕ ಮೇಲೆತ್ತಿ ಬಾಗಿ ನೋಡಿದರು.

“ಫುಮಿಕೊ,” ಎಂದು ಹೆಂಡತಿಯ ಹೆಸರು ಕರೆದರು, ಅವಳೇ ಬಾಗಿಲಲ್ಲಿ ನಿಂತಿದ್ದಾಳೆಂಬಂತೆ.

ಅವಳು ಅದೇ ತೂತಿಗೆ ಸೂಜಿಯಿಟ್ಟಳು. ಅವರು ಕಣ್ಣು ಮುಚ್ಚಿ ಮಂತ್ರ ಹೇಳಿದರು: “ಓನ್ ಅಬೋಕ್ಯ ಬೇಯ್‌ರೋಶನೋ ಮಕಬೋದರ ಮನಿ ಹಂದೋಮ ಜಿಂಬರ ಹರಬರಿತಯ ಉನ್.” ಬೆಳಕಿನ ಮಂತ್ರವಂತೆ ಅದು. ಅದರೊಳಗೆ ಮಣಿಯೂ ಪದ್ಮವೂ ಜ್ವಾಲೆಯೂ ಇವೆ, ನಿಮ್ಮ ದೇಶದಿಂದಲೇ ಹಡಗು ಹತ್ತಿ ಚೀನಾಕ್ಕೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬಂದದ್ದು ಎಂದರು. “ನಿಮ್ಮ ಮನೇಲಿ ಇದನ್ನ ಹೇಗೆ ಹೇಳ್ತಿದ್ರಿ?”

“ನಮ್ಮ ಮನೇಲಿ ಮಂತ್ರ ಯಾರು ಹೇಳ್ತಿದ್ರು? ಅದೆಲ್ಲ ಪುರೋಹಿತರಿಗೆ. ನಮ್ಮಪ್ಪ ನೀರು ಬಿಡೋವಾಗ ‘ನಡಿಯವ್ವ ಗಂಗಮ್ಮ’ ಅನ್ನೋನು. ನಮಗೆ ಗೊತ್ತಿದ್ದದ್ದು ಅಷ್ಟೇ.”

ಅದರ ಅರ್ಥವನ್ನು ಅವರು ಕೇಳಿ ತಿಳಿದುಕೊಂಡರು. ತಮ್ಮಷ್ಟಕ್ಕೆ ಒಂದೆರಡು ಸಲ ಹೇಳಿಕೊಂಡರು. ಗಂಗಮ್ಮ ಅವರ ಬಾಯಲ್ಲಿ ಗಂಗಾಮು ಆದಳು. “ಕೈ ಗುದ್ದಲಿ ಮೇಲೆ, ಮಾತು ಬಾಯಲ್ಲಿ, ಮನಸ್ಸು ನೀರಿನ ಜೊತೆ,” ಎಂದರು. “ಕಾಯ, ವಾಕ್ಕು, ಚಿತ್ತ. ನಾನು ಅರವತ್ತು ವರ್ಷ ಕಲಿತದ್ದು ಈ ಮೂರನ್ನ ಒಂದೇ ಕಡೆ ಕೂರಿಸೋದು ಹೇಗೆ ಅಂತ. ಅದು ಕೂತ ಕ್ಷಣ ಈ ಮೈಯಲ್ಲೇ ಬುದ್ಧ ಅಂತ ನಮ್ಮ ಗುರುಗಳು ಬರೆದಿಟ್ಟಿದಾರೆ. ನಿಮ್ಮಪ್ಪ ಬೀಡಿ ಸೇದ್ತಾ ಮಾಡ್ತಿದ್ರು.”

ಇಂದುಮತಿ ಜೋರಾಗಿ ನಕ್ಕುಬಿಟ್ಟಳು. ಅಪ್ಪ ಇದನ್ನು ಕೇಳಿದ್ದರೆ ಬೀಡಿ ಬಾಯಿಂದ ಬೀಳಿಸುತ್ತಿದ್ದ.

“ನಾನು ನಂದು ಹೇಳ್ತೀನಿ. ನೀವು ನಿಮ್ಮದು ಹೇಳಿ,” ಎಂದರು ಅವರು.

ಹಾಗೆ ಶುಕ್ರವಾರ ಸಂಜೆಯವರೆಗೂ, ಶನಿವಾರ ಬೆಳಗಿನಿಂದಲೂ ಕೆಲಸ ನಡೆಯಿತು. ಪಕ್ಕದಂಗಡಿಯ ಸಾಣೆಚಕ್ರ ಕಿರುಚುತ್ತಿತ್ತು, ನಿಲ್ಲುತ್ತಿತ್ತು. ಅದು ನಿಂತಾಗ ಒಂದು ಮುದಿ ದನಿ ಓನ್ ಅಬೋಕ್ಯ ಎನ್ನುವುದೂ, ಇನ್ನೊಂದು ದನಿ ನಡಿಯವ್ವ ಎನ್ನುವುದೂ ಕೇಳುತ್ತಿತ್ತು. ತೊಂಬತ್ತು ಚಿಲ್ಲರೆ ಗುಬ್ಬಿ ಹೆಜ್ಜೆ. ಎಲ್ಲೋ ಕೆಲವು ಕಡೆ ಯಂತ್ರದ ಸೂಜಿ ಹಳೆಯ ತೂತುಗಳ ಮೇಲೇ ಓಡಿ ಗುರುತು ಅಳಿಸಿಹೋಗಿತ್ತು. ಅಲ್ಲಿ ಅವಳು ಅಕ್ಕಪಕ್ಕದ ಹೆಜ್ಜೆ ನೋಡಿ, ಆ ಹೆಂಗಸು ಇಲ್ಲಿ ಎಲ್ಲಿ ಕಾಲಿಡುತ್ತಿದ್ದಳು ಎಂದು ಊಹಿಸಿ ಚುಚ್ಚಿದಳು. ಫುಮಿಕೊ ಎಡಗೈಯವಳು ಎಂಬುದು ಎರಡನೆಯ ಬದುವಿನಲ್ಲೇ ತಿಳಿಯಿತು. ಆರನೆಯದರ ಹೊತ್ತಿಗೆ, ಅವಳಿಗೆ ಎಲ್ಲಿ ದಣಿವಾಯಿತು, ಎಲ್ಲಿ ಎದ್ದುಹೋಗಿ ಮತ್ತೆ ಬಂದು ಕೂತಳು ಎನ್ನುವುದೂ ತಿಳಿಯುತ್ತಿತ್ತು.

ಶನಿವಾರ ಮೂರು ಗಂಟೆಗೆ ಎರಡು ಹೆಜ್ಜೆ ಉಳಿದವು. ಒಂದನ್ನು ಸಾಯೋರಿ ಹಾಕಿದಳು, ಅಮ್ಮನ ಮಂತ್ರ ಹೇಳುತ್ತ. ಇನ್ನೊಂದಕ್ಕೆ ಇಂದುಮತಿ ದಾರ ಪೋಣಿಸಿ ಸೂಜಿಯನ್ನು ಮುದುಕರ ಕೈಗೆ ಕೊಟ್ಟಳು.

“ನನ್ನ ಕೈ ನಡುಗುತ್ತೆ,” ಎಂದರು.

“ನಡುಗಲಿ.”

ಮೊದಲ ಎರಡು ಚುಕ್ಕೆ ಹೇಗೋ ಗುರುತಿನ ಹತ್ತಿರ ಬಿದ್ದವು. ಮೂರನೆಯದು ಜಾರಿ ಆಚೆಗೆ ಹೋಯಿತು. ಗುಬ್ಬಿ ಒಂದು ಕಾಲು ಕುಂಟಿದ ಹಾಗೆ. ಇಂದುಮತಿಯ ಬಲಗೈ ತಾನಾಗಿ ಕತ್ತರಿಯ ಕಡೆ ಹೊರಟಿತು. ಅವಳು ಅದನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು.

ಭಾನುವಾರ ಗುಡಿ ತುಂಬಿತ್ತು. ತುಂಬಿತ್ತೆಂದರೆ ನಲವತ್ತು ಜನ. ಬೆಂಕಿಗೆ ಹಾಕುವ ಮರದ ಚಕ್ಕೆಗಳ ಮೇಲೆ ಎಲ್ಲರೂ ತಮ್ಮ ಹೆಸರು, ಹರಕೆ ಬರೆಯುತ್ತಿದ್ದರು. ಜಯಸಿಂಹ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದ: ಈ ಸಲ ಹಿಮ ಕಡಿಮೆ ಬೀಳಲಿ.

“ದೇವರ ಹತ್ತಿರ ಇದನ್ನ ಕೇಳ್ತಾರೇನ್ರೀ?”

“ಡ್ರೈವ್‌ವೇ ಹಿಮ ಎತ್ತೋನು ನಾನು ಕಣೆ, ನೀನಲ್ಲ.”

ರ್ಯೂಗೆನ್ ಕೇಸಾವನ್ನು ಹಣೆಗೆ ಮುಟ್ಟಿಸಿ ಮಗಳ ಹೆಗಲಿಗೆ ಹೊದಿಸಿದರು. ಆಮೇಲೆ ಮಾಮೂಲಿ ಕಪ್ಪು ನಿಲುವಂಗಿಯಲ್ಲಿ ಬದಿಯ ಕುರ್ಚಿಗೆ ಬಂದು ಕೂತರು. ಹೊದಿಕೆಯಿಲ್ಲದ ಅವರ ಹೆಗಲು ಬಹಳ ಕಿರಿದಾಗಿ ಕಂಡಿತು. ಸಾಯೋರಿ ಒಲೆಯ ಮುಂದೆ ಕೂತು ಬೆಂಕಿ ಹಚ್ಚಿದಳು. ಎಣ್ಣೆ, ಧಾನ್ಯ, ಎಳ್ಳು, ಚಕ್ಕೆಗಳು ಒಂದೊಂದಾಗಿ ಹೋದವು. ಜ್ವಾಲೆ ಹೊಗೆಗೂಡಿನವರೆಗೆ ಎದ್ದಿತು. ಆ ಬಿಸಿಗಾಳಿಗೆ ಕೇಸಾದ ಬದುಗಳ ಬಿಟ್ಟ ಅಂಚುಗಳು ಒಂದಾದ ಮೇಲೊಂದು ಸಣ್ಣಗೆ ಏಳುತ್ತ, ಮಲಗುತ್ತ ಇದ್ದದ್ದನ್ನು ಇಂದುಮತಿ ನೋಡಿದಳು. ಹೊಲಿದಿದ್ದರೆ ಅದು ಹಲಗೆಯ ಹಾಗೆ ನಿಂತಿರುತ್ತಿತ್ತು. ಸಾಯೋರಿಯ ಕೈಗಳು ಬಟ್ಟೆಯ ಒಳಗಿದ್ದವು. ಅವು ಏನು ಮಾಡುತ್ತಿದ್ದವೋ ಯಾರಿಗೂ ಕಾಣಲಿಲ್ಲ.

ಮುದುಕರ ಎಡಗೈ ಹೆಬ್ಬೆರಳು ತೊಡೆಯ ಮೇಲೆ, ತಮ್ಮ ಕಪ್ಪು ಅಂಗಿಯ ಅಂಚಿನಗುಂಟ, ಹಿಂದಕ್ಕೆ ಮುಂದಕ್ಕೆ ಓಡುತ್ತಿತ್ತು.

ಬೆಂಕಿ ಇಳಿದು, ಜನ ಎದ್ದು, ಚಹಾದ ಕಡೆ ಹೊರಟರು. ಸಾಯೋರಿ ಏಳಲಿಲ್ಲ. ಅವಳು ಮಂಡಿಯ ಮೇಲೇ ಸರಿದು ತಂದೆಯ ಕುರ್ಚಿಯ ಹತ್ತಿರ ಬಂದು, ಅವರ ಕಾಲಿಗೆ ಒರಗಿದ ಹಾಗೆ ಕೂತಳು. ಕೇಸಾದ ತುದಿಯನ್ನು ಸುಮ್ಮನೆ ಅವರ ತೊಡೆಯ ಮೇಲೆ ಬಿಟ್ಟಳು, ನೀಲಿ ತೇಪೆ ಮೇಲೆ ಬರುವ ಹಾಗೆ.

ಮುದುಕರು ಮಗಳನ್ನು ನೋಡಿದರು. ಅವಳು ಬೂದಿಯನ್ನು ನೋಡುತ್ತಿದ್ದಳು. ಅವರ ಹೆಬ್ಬೆರಳು ತೇಪೆ ದಾಟಿತು, ಬದುವಿನ ಅಂಚು ಸಿಕ್ಕಿತು, ಒಳಗೆ ಹೋಯಿತು. ಒಳಗೆ ಹೋಗಿ ನಿಂತಿತು.

“ಮುಟ್ತು,” ಎಂದಳು ಇಂದುಮತಿ.

“ಏನು ಮುಟ್ತು?” ಜಯಸಿಂಹ ಕೇಳಿದ. ಅವನ ಕೈಯಲ್ಲಾಗಲೇ ಕೆಂಪುಕಾಳಿನ ಜಪಾನಿ ಸಿಹಿ ಇತ್ತು.

“ನಿಮಗಲ್ಲ. ನಡೀರಿ, ಚಹಾ ಆರುತ್ತೆ.”